ಹುಣ್ಣು ಎಲ್ಲಿದೆ, ಲೋಹ ಎಲ್ಲಿದೆ?

ಬಾಯಿಯ ಕಾಯಿಲೆಗಳ ತಜ್ಞವೈದ್ಯೆಯೊಬ್ಬರು ಓದುಗರ ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದಾರೆ. ಹಲ್ಲಿಗೆ ತುಂಬಿಸಿದ ಸಿಮೆಂಟು, ಕ್ಲಿಪ್ಪು, ಕಬ್ಬಿಣದ ಮಾತ್ರೆ, ಮೈಲುತುತ್ತು ಎಂದು ಲೋಹ ಬಾಯಿಗೆ ಸೇರುವ ದಾರಿಗಳ ಬಗ್ಗೆ ಕೇಳಿದವರೇ ಈ ಸಲ ಹೆಚ್ಚು.

*

ಡಾಕ್ಟರ್ ಮೇಡಂ, ನನಗೆ 46 ವರ್ಷ. ಆರು ತಿಂಗಳಿಂದ ಬಲಗೆನ್ನೆಯ ಒಳಗೆ ಬಿಳಿ ಗೆರೆಗಳು ಎದ್ದಿವೆ. ಮಿರ್ಚಿ-ಮಂಡಕ್ಕಿ ಬಿಟ್ಟು ಎಷ್ಟೋ ದಿನವಾಯಿತು, ಈಗ ಬಿಸಿ ಸಾರು ತಾಗಿದರೂ ಕಣ್ಣಲ್ಲಿ ನೀರು ಬರುತ್ತದೆ. ಒಬ್ಬರು ಫಂಗಸ್ ಅಂದರು, ಇನ್ನೊಬ್ಬರು ಟೆನ್ಷನ್ ಅಂದರು. ವಿಟಮಿನ್ ಮಾತ್ರೆ, ಜೆಲ್ಲು ಎಲ್ಲ ಆಯಿತು. ಪಕ್ಕದ ಮನೆಯವರು ಕ್ಯಾನ್ಸರ್ ಇರಬಹುದು ಅಂದ ಮೇಲೆ ರಾತ್ರಿ ನಿದ್ದೆ ಹತ್ತುತ್ತಿಲ್ಲ. ಬಲಗಡೆ ದವಡೆಹಲ್ಲಿಗೆ ಹತ್ತು ವರ್ಷದ ಹಿಂದೆ ಬೆಳ್ಳಿ ಸಿಮೆಂಟ್ ತುಂಬಿಸಿದ್ದೆ. ಅದಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯೇ?
— ಓದುಗರು, ದಾವಣಗೆರೆ

ಸಂಬಂಧ ಇರುವ ಸಾಧ್ಯತೆ ಚೆನ್ನಾಗಿಯೇ ಇದೆ. ಅರ್ಧ ಪರೀಕ್ಷೆಯನ್ನು ನೀವು ಮನೆಯಲ್ಲೇ ಮಾಡಿಕೊಳ್ಳಬಹುದು. ನಾಳೆ ಹಲ್ಲುಜ್ಜಿದ ಮೇಲೆ ಕಿಟಕಿಯ ಬೆಳಕಿಗೆ ಮುಖ ಮಾಡಿ ಕನ್ನಡಿ ಹಿಡಿಯಿರಿ. ಚಮಚದ ಹಿಡಿಯಿಂದ ಬಲಗೆನ್ನೆಯನ್ನು ಮೆಲ್ಲಗೆ ಹೊರಗೆ ಸರಿಸಿ, ಗೆರೆಗಳು ಎಲ್ಲಿಂದ ಎಲ್ಲಿಯವರೆಗೆ ಹಬ್ಬಿವೆ ನೋಡಿಕೊಳ್ಳಿ. ಈಗ ಚಮಚ ತೆಗೆದು ಹಲ್ಲು ಕಚ್ಚಿ. ಕೆನ್ನೆ ತನ್ನ ಜಾಗಕ್ಕೆ ಮರಳಿದಾಗ ಆ ಗೆರೆಗಳ ಜಾಗ ನೇರವಾಗಿ ಸಿಮೆಂಟಿನ ಹಲ್ಲಿಗೇ ಹೋಗಿ ಒರಗುತ್ತದೆಯೇ? ಆಮೇಲೆ ಎಡಗೆನ್ನೆಯನ್ನೂ ನಾಲಿಗೆಯ ಎರಡು ಅಂಚುಗಳನ್ನೂ ನೋಡಿ.

ಬಿಳಿ ಜಾಲ ಎರಡೂ ಕೆನ್ನೆಯಲ್ಲಿ ಒಂದೇ ರೀತಿ ಹರಡಿದ್ದರೆ ಅದು ಬಹುಮಟ್ಟಿಗೆ ಲೈಕೆನ್ ಪ್ಲಾನಸ್ ಎಂಬ ಕಾಯಿಲೆ. ಅದು ದೇಹದ ಒಳಗಿನಿಂದ ಬರುವಂಥದ್ದು, ಸಿಮೆಂಟ್ ತೆಗೆಸಿದರೆ ಹೋಗುವುದಿಲ್ಲ. ಲೋಹ ತಾಗುವ ಕಡೆ ಮಾತ್ರ ಇದ್ದು ಉಳಿದ ಬಾಯಿ ಸ್ವಚ್ಛವಾಗಿದ್ದರೆ ಅದು ಲೈಕೆನಾಯ್ಡ್ ಪ್ರತಿಕ್ರಿಯೆ, ಅಂದರೆ ಲೋಹದ ಅಲರ್ಜಿ. ನೋಡಲು ಎರಡೂ ಅಕ್ಕತಂಗಿಯರ ಹಾಗೆ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೂ ಕೆಲವೊಮ್ಮೆ ಬೇರೆ ಮಾಡಲು ಆಗುವುದಿಲ್ಲ. ಅದಕ್ಕೇ ನಾನು ವಿದ್ಯಾರ್ಥಿಗಳಿಗೆ ಮೊದಲು ಹೇಳಿಕೊಡುವುದು ಈ ಎರಡು ಪ್ರಶ್ನೆಗಳನ್ನು: ಹುಣ್ಣು ಎಲ್ಲಿದೆ, ಲೋಹ ಎಲ್ಲಿದೆ?

ಬಟ್ಟೆ ಹೊಲಿಯುವ ಹೆಣ್ಣುಮಗಳೊಬ್ಬಳು ಹೀಗೇ ಎರಡು ವರ್ಷ ಅಲೆದು ನನ್ನ ಹತ್ತಿರ ಬಂದಿದ್ದಳು. ಕೆನ್ನೆ ಸರಿಸಿ ನೋಡಿದರೆ ಕೊನೆಯ ದವಡೆಹಲ್ಲಿನ ಎದುರು ಹುಣಸೆಬೀಜದಷ್ಟು ಅಗಲದ ಮಚ್ಚೆ. ನಡುವೆ ಕೆಂಪಗೆ ಸವೆದಿದೆ, ಸುತ್ತ ಕಸೂತಿಯ ದಾರದಂಥ ಬಿಳಿ ಎಳೆಗಳು. ಹಲ್ಲಿನ ಪಕ್ಕಕ್ಕೆ ಹರಡಿದ್ದ ಸಿಮೆಂಟಿನ ಆಕಾರವನ್ನೇ ಕೆನ್ನೆಯ ಮೇಲೆ ಅಚ್ಚು ಒತ್ತಿದ ಹಾಗಿತ್ತು. ಅವಳ ಬಾಯಲ್ಲಿ ಅಂಥ ಸಿಮೆಂಟು ನಾಲ್ಕು ಹಲ್ಲಿಗಿತ್ತು, ಕೆನ್ನೆಗೆ ಒತ್ತಿಕೊಂಡಿದ್ದು ಅದೊಂದೇ. ಅದೊಂದನ್ನೇ ತೆಗೆದು ಹಲ್ಲಿನ ಬಣ್ಣದ ಸಿಮೆಂಟ್ ತುಂಬಿದೆವು. ಮೂರು ತಿಂಗಳಿಗೆ ಉಪ್ಪಿನಕಾಯಿ ತಿಂದೆ ಎಂದು ಹೇಳಲೆಂದೇ ಬಸ್ಸು ಹತ್ತಿ ಬಂದಿದ್ದಳು.

ಹತ್ತು ವರ್ಷ ಸುಮ್ಮನಿದ್ದ ಸಿಮೆಂಟು ಈಗ ಯಾಕೆ ಹೀಗೆ ಮಾಡಿತು ಎಂದು ನೀವು ಕೇಳಬಹುದು. ಬೆಳ್ಳಿ ಸಿಮೆಂಟ್ ಅನ್ನುತ್ತೇವೆ, ಆದರೆ ತೂಕದಲ್ಲಿ ಸುಮಾರು ಅರ್ಧ ಪಾದರಸ. ಉಳಿದದ್ದು ಬೆಳ್ಳಿ, ತವರ, ತಾಮ್ರ. ಗಟ್ಟಿಯಾಗಿ ಕೂತ ಲೋಹದಿಂದ ಅಲರ್ಜಿ ಬರುವುದಿಲ್ಲ. ಜೊಲ್ಲಿನ ಉಪ್ಪು, ಹುಳಿ, ಅಗಿಯುವ ಸವೆತ ಸೇರಿ ಲೋಹದ ಎಲ್ಲೋ ಒಂದಿಷ್ಟು ಕಣ ಕರಗಿ ಅಯಾನು ಆಗುತ್ತದೆ. ತೊಂದರೆಯೆಲ್ಲ ಈ ಕರಗಿದ ಅಯಾನಿನದು. ಒಂಟಿ ಅಯಾನು ನಮ್ಮ ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೆ ಬೀಳದಷ್ಟು ಚಿಕ್ಕದು. ಅದು ಹೋಗಿ ನಮ್ಮದೇ ಪ್ರೋಟೀನಿಗೆ ಅಂಟಿಕೊಂಡಾಗ ಆ ಪ್ರೋಟೀನಿನ ಚಹರೆ ಬದಲಾಗುತ್ತದೆ. ಮನೆಯವರೇ ಆದರೂ ವೇಷ ಕಟ್ಟಿಕೊಂಡು ಬಂದರೆ ಮನೆಯ ನಾಯಿ ಬೊಗಳುತ್ತದಲ್ಲ, ಹಾಗೆ. ಬಾಯಿಯ ಒಳಪೊರೆಯಲ್ಲಿರುವ ಕಾವಲು ಕೋಶಗಳು ಈ ವೇಷಧಾರಿಯನ್ನು ಹಿಡಿದು ಕುತ್ತಿಗೆಯ ಗಂಟುಗಳಿಗೆ ಒಯ್ಯುತ್ತವೆ. ಅಲ್ಲಿ ಟಿ ಕೋಶಗಳು ಅದನ್ನು ಗುರುತಿಟ್ಟುಕೊಳ್ಳುತ್ತವೆ. ಇದಕ್ಕೆ ತಿಂಗಳೂ ಹಿಡಿಯಬಹುದು, ಹತ್ತಾರು ವರ್ಷವೂ ಹಿಡಿಯಬಹುದು. ಬಹಳ ಜನರಲ್ಲಿ ಇದು ಆಗುವುದೇ ಇಲ್ಲ. ಒಮ್ಮೆ ಗುರುತಾಯಿತೆಂದರೆ ಮಾತ್ರ ಆಮೇಲೆ ಚೂರೇ ಚೂರು ಸಾಕು.

ಈಗ ಮಾಡಬೇಕಾದ ಕೆಲಸ. ಹತ್ತಿರದ ದಂತ ಕಾಲೇಜಿನ ಓರಲ್ ಮೆಡಿಸಿನ್ ವಿಭಾಗಕ್ಕೆ ಹೋಗಿ. ನಿಮ್ಮೂರಲ್ಲೇ ಇದೆ. ಅಲ್ಲಿ ಸಣ್ಣ ಚೂರು ತೆಗೆದು ಬಯಾಪ್ಸಿ ಮಾಡಬೇಕೆಂದರೆ ಹೆದರಬೇಡಿ, ಮಾಡಿಸಿ. ಇಂಥ ಮಚ್ಚೆಗಳಲ್ಲಿ ಕ್ಯಾನ್ಸರ್ ಹುಟ್ಟುವುದು ಬಹಳ ಅಪರೂಪ, ಆದರೆ ಅಪರೂಪಕ್ಕಾದರೂ ಹುಟ್ಟಬಹುದು. ಆದ್ದರಿಂದ ಖಚಿತ ಮಾಡಿಕೊಂಡು ಆಮೇಲೂ ವರ್ಷಕ್ಕೆ ಎರಡು ಸಲ ತೋರಿಸಿಕೊಳ್ಳುವುದು ಸರಿ. ಚರ್ಮದ ಡಾಕ್ಟರ ಹತ್ತಿರ ಪ್ಯಾಚ್ ಟೆಸ್ಟ್ ಮಾಡಿಸಬಹುದು. ಪಾದರಸ, ನಿಕಲ್, ಕ್ರೋಮಿಯಂ, ಕೋಬಾಲ್ಟ್ ಮುಂತಾದ ಲವಣಗಳನ್ನು ಪುಟ್ಟ ಬಟ್ಟಲುಗಳಲ್ಲಿ ಇಟ್ಟು ಬೆನ್ನಿಗೆ ಅಂಟಿಸುತ್ತಾರೆ. ಎರಡು ದಿನ ಬೆನ್ನಿಗೆ ನೀರು ತಾಗಿಸಬಾರದು. 48 ಗಂಟೆಗೆ ತೆಗೆದು ನೋಡಿ, ಎರಡು ದಿನ ಬಿಟ್ಟು ಇನ್ನೊಮ್ಮೆ ನೋಡಬೇಕು. ಎರಡನೆಯ ಸಲ ಹೋಗದೆ ತಪ್ಪಿಸಿಕೊಳ್ಳುವವರೇ ಜಾಸ್ತಿ, ದಯವಿಟ್ಟು ತಪ್ಪಿಸಬೇಡಿ. ಈ ಅಲರ್ಜಿ ನಿಧಾನದ್ದು, ತಡವಾಗಿಯೇ ಕೆಂಪಾಗುತ್ತದೆ. ಟೆಸ್ಟಿನಲ್ಲಿ ಏನೂ ಕಾಣದಿದ್ದರೂ ಮಚ್ಚೆ ಮತ್ತು ಸಿಮೆಂಟು ಎದುರುಬದುರಾಗಿದ್ದರೆ ಆ ಒಂದು ಹಲ್ಲಿನದನ್ನು ಬದಲಿಸಿ ನೋಡುವುದರಲ್ಲಿ ತಪ್ಪಿಲ್ಲ. ಒಂದನ್ನು ಮಾತ್ರ. ಇಡೀ ಬಾಯಿಯ ಸಿಮೆಂಟು ಕೀಳಿಸುವುದು ಬೇಡ.

ಅಲ್ಲಿಯವರೆಗೆ ದಾಲ್ಚಿನ್ನಿ ಘಮದ ಟೂತ್‌ಪೇಸ್ಟು, ಚೂಯಿಂಗ್ ಗಮ್ಮು ಇದ್ದರೆ ಬಿಡಿ. ಅವೂ ಇದೇ ತರಹದ ಮಚ್ಚೆ ಎಬ್ಬಿಸುತ್ತವೆ.

*

ನಾನು ಪಿಯುಸಿ ಮೊದಲನೇ ವರ್ಷ ಓದುತ್ತಿದ್ದೇನೆ. ಹಲ್ಲು ಉಬ್ಬಿದ್ದರಿಂದ ಕ್ಲಿಪ್ ಹಾಕಿಸಬೇಕೆಂದಿದ್ದಾರೆ. ಆದರೆ ಡ್ರೆಸ್ಸಿಗೆ ಮ್ಯಾಚಿಂಗ್ ಓಲೆ ಹಾಕಿದರೆ ಸಾಕು, ನನ್ನ ಕಿವಿ ತುರಿಸಿ ನೀರು ಒಸರುತ್ತದೆ. ಜೀನ್ಸ್ ಗುಂಡಿ ತಾಗುವ ಕಡೆ ಹೊಟ್ಟೆಯ ಮೇಲೂ ಕಪ್ಪಾಗಿದೆ. ಬಂಗಾರದ ಓಲೆಗೆ ಏನೂ ಆಗುವುದಿಲ್ಲ. ‘ಕಿವಿಗೇ ಹೀಗಾದರೆ ಬಾಯಿ ಏನಾದೀತು, ಕ್ಲಿಪ್ ಬೇಡವೇ ಬೇಡ’ ಅಂತ ಅವ್ವ ಹಟ ಹಿಡಿದಿದ್ದಾಳೆ. ಏನು ಮಾಡಲಿ ಮೇಡಂ?
— ವಿದ್ಯಾರ್ಥಿನಿ, ಹುಬ್ಬಳ್ಳಿ

ಓಲೆ ಮತ್ತು ಜೀನ್ಸ್ ಗುಂಡಿ ಎರಡನ್ನೂ ನೀನು ಸೇರಿಸಿ ಬರೆದದ್ದು ಒಳ್ಳೆಯದಾಯಿತಮ್ಮ. ಆ ಎರಡರಲ್ಲೂ ಸಾಮಾನ್ಯವಾಗಿ ಇರುವುದು ನಿಕಲ್. ನಿನಗೆ ನಿಕಲ್ ಅಲರ್ಜಿ ಇರುವುದು ಬಹುಮಟ್ಟಿಗೆ ನಿಜ. ಲೋಕದಲ್ಲಿ ಲೋಹದಿಂದ ಬರುವ ಅಲರ್ಜಿಗಳಲ್ಲಿ ಇದಕ್ಕೇ ಮೊದಲ ಸ್ಥಾನ. ನಮ್ಮ ಕೋಶಗಳ ಮೇಲೆ ಟಿಎಲ್‌ಆರ್-4 ಎಂಬ ಒಂದು ಕಾವಲು ಅಣು ಇದೆ. ಬ್ಯಾಕ್ಟೀರಿಯಾ ಬಂದಾಗ ಗಂಟೆ ಬಾರಿಸುವುದು ಅದರ ಕೆಲಸ. ನಿಕಲ್ ಅಯಾನು ಮನುಷ್ಯರ ಆ ಅಣುವಿಗೆ ನೇರವಾಗಿ ಅಂಟಿಕೊಂಡು ಸುಳ್ಳು ಗಂಟೆ ಬಾರಿಸುತ್ತದೆ ಎಂದು 2010ರಲ್ಲಿ ಗೊತ್ತಾಯಿತು. ಇಲಿಯ ಅಣುವಿನಲ್ಲಿ ನಿಕಲ್ ಅಂಟುವ ಆ ಜಾಗವೇ ಇಲ್ಲ.

ಆದರೂ ಅವ್ವನಿಗೆ ಹೇಳು, ಕಿವಿಗೆ ಆದದ್ದು ಬಾಯಿಗೆ ಆಗಲೇಬೇಕೆಂದಿಲ್ಲ. ಚುಚ್ಚಿದ ಕಿವಿಯಲ್ಲಿ ಓಲೆಯ ಕಡ್ಡಿ ಬೆವರಿನ ಜೊತೆ ದಿನವಿಡೀ ಅಲ್ಲೇ ಕೂತಿರುತ್ತದೆ. ಬಾಯಲ್ಲಿ ಜೊಲ್ಲು ಕ್ಷಣಕ್ಷಣಕ್ಕೂ ತೊಳೆಯುತ್ತಿರುತ್ತದೆ, ಒಳಪೊರೆಯ ರಕ್ತಸಂಚಾರ ಬಂದದ್ದನ್ನು ಬೇಗ ಸಾಗಿಸಿಬಿಡುತ್ತದೆ. ಚರ್ಮ ಕೆರಳುವುದಕ್ಕಿಂತ ಹಲವು ಪಟ್ಟು ಹೆಚ್ಚು ನಿಕಲ್ ಬಂದರಷ್ಟೇ ಬಾಯಿ ಕೆರಳುತ್ತದೆ. ಕ್ಲಿಪ್ಪಿನ ಸ್ಟೀಲಿನಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕಲ್. ಮೇಲಿನ ಕ್ರೋಮಿಯಂ ಆಕ್ಸೈಡಿನ ಪೊರೆ ಒಳಗಿನ ನಿಕಲ್ಲನ್ನು ಹಿಡಿದಿಡುತ್ತದೆ. ಮೊದಲ ತಿಂಗಳುಗಳಲ್ಲಿ ಹಾಕುವ, ಬಾಗಿಸಿದರೂ ನೆಟ್ಟಗಾಗುವ ತಂತಿ ಇದೆಯಲ್ಲ, ಅದರಲ್ಲಿ ಅರ್ಧದಷ್ಟು ನಿಕಲ್ಲೇ ಇರುತ್ತದೆ. ಉಳಿದರ್ಧ ಟೈಟಾನಿಯಂ. ಅದನ್ನೂ ಆಕ್ಸೈಡ್ ಪೊರೆಯೇ ಕಾಯುತ್ತದೆ. ನಿಕಲ್ ಅಲರ್ಜಿ ಇರುವ ಎಷ್ಟೋ ಮಕ್ಕಳು ಏನೂ ತೊಂದರೆಯಿಲ್ಲದೆ ಕ್ಲಿಪ್ ಮುಗಿಸಿದ್ದಾರೆ.

ಹಾಗಂತ ಡಾಕ್ಟರಿಂದ ಮುಚ್ಚಿಡಬೇಡ. ಕ್ಲಿಪ್ ಹಾಕುವವರಿಗೆ ಕಿವಿಯ ಕಥೆ, ಗುಂಡಿಯ ಕಥೆ ಎರಡನ್ನೂ ಹೇಳು. ನಿಕಲ್ ಇಲ್ಲದ ಟೈಟಾನಿಯಂ ತಂತಿ, ಸಿರಾಮಿಕ್ ಬ್ರಾಕೆಟ್ಟು, ಪ್ಲಾಸ್ಟಿಕ್ಕಿನ ಅಲೈನರ್ ಎಲ್ಲ ಈಗ ಸಿಗುತ್ತವೆ, ಖರ್ಚು ಮಾತ್ರ ಹೆಚ್ಚು. ಮಾಮೂಲಿ ಕ್ಲಿಪ್ಪೇ ಹಾಕಿದರೆ ಮೊದಲ ಕೆಲವು ವಾರ ಗಮನ ಇರಲಿ. ನಿಕಲ್ ಹೊರಬರುವುದು ಆಗಲೇ ಹೆಚ್ಚು, ಆಮೇಲೆ ಇಳಿಯುತ್ತದೆ. ಬ್ರಾಕೆಟ್ ಚುಚ್ಚಿ ತುಟಿಯ ಒಳಗೆ ಹುಣ್ಣಾದರೆ ಅದು ಬರೀ ಉಜ್ಜಾಟ, ಮೇಣ ಹಚ್ಚಿಕೊಂಡರೆ ವಾರದಲ್ಲಿ ಮಾಯುತ್ತದೆ. ತುಟಿ ಊದುವುದು, ಬಾಯಿಯ ಮೂಲೆ ಒಡೆಯುವುದು, ಒಸಡೆಲ್ಲ ಒಂದೇ ಸಮ ಕೆಂಪಾಗಿ ಉರಿಯುವುದು, ಬಾಯಿಗಿಂತ ದೂರದಲ್ಲಿ ಕುತ್ತಿಗೆಯಲ್ಲೋ ಕಣ್ಣಿನ ರೆಪ್ಪೆಯಲ್ಲೋ ತುರಿಕೆ ಏಳುವುದು, ಇವು ಬೇರೆ. ಅಂದೇ ಡಾಕ್ಟರಿಗೆ ಫೋನ್ ಮಾಡು.

ಒಂದು ವಿಷಯ ನನಗೆ ಯಾವಾಗಲೂ ಕುತೂಹಲ ಹುಟ್ಟಿಸುತ್ತದೆ. ಕಿವಿ ಚುಚ್ಚಿಸುವ ಮೊದಲೇ ಕ್ಲಿಪ್ ಹಾಕಿಸಿಕೊಂಡ ಮಕ್ಕಳಲ್ಲಿ ಆಮೇಲೆ ನಿಕಲ್ ಅಲರ್ಜಿ ಕಡಿಮೆ ಎಂದು ಯುರೋಪಿನಲ್ಲಿ ಕಂಡುಕೊಂಡಿದ್ದಾರೆ. ಬಾಯಿಯ ದಾರಿಯಲ್ಲಿ ಪರಿಚಯವಾದ ವಸ್ತುವನ್ನು ದೇಹ ಊಟವೆಂದು ಸಹಿಸಿಕೊಳ್ಳಲು ಕಲಿಯುತ್ತದೆ. ನಮ್ಮಲ್ಲಿ ತೊಟ್ಟಿಲಿಂದ ಎದ್ದ ಹೊತ್ತಿಗೇ ಕಿವಿ ಚುಚ್ಚುತ್ತಾರೆ, ಆ ಅನುಕೂಲ ನಮ್ಮ ಹೆಣ್ಣುಮಕ್ಕಳಿಗೆ ಇಲ್ಲ. ಡೆನ್ಮಾರ್ಕ್ 1990ರಲ್ಲೇ ಒಡವೆಗಳಿಂದ ಹೊರಬರುವ ನಿಕಲ್ಲಿಗೆ ಕಾನೂನಿನ ಮಿತಿ ಹಾಕಿತು, ಆಮೇಲೆ ಬೆಳೆದ ತಲೆಮಾರಿನಲ್ಲಿ ಈ ಅಲರ್ಜಿ ಇಳಿಯಿತು. ನಿನ್ನಂಥವರ ಕಿವಿ ನೋಡಿದಾಗೆಲ್ಲ ಆ ಕಾನೂನು ನನಗೆ ನೆನಪಾಗುತ್ತದೆ.

*

ನಮ್ಮ ಅತ್ತೆಯವರಿಗೆ 78 ವರ್ಷ. ರಕ್ತ ಕಮ್ಮಿ ಅಂತ ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ. ಹದಿನೈದು ದಿನದಿಂದ ನಾಲಿಗೆ ಅಡಿಯಲ್ಲಿ ಹುಣ್ಣಾಗಿ ಮುದ್ದೆ ನುಂಗೋಕೂ ಆಗ್ತಿಲ್ಲ. ಅವರಿಗೆ ಹೊಂದ್ತಿಲ್ಲ ಅಂತ ಮಾತ್ರೆ ನಿಲ್ಲಿಸಿಬಿಡಲಾ?
— ಓದುಗರು, ಮಂಡ್ಯ

ನಿಲ್ಲಿಸಬೇಡಿ. ಮೊದಲು ಅವರು ಮಾತ್ರೆ ಹೇಗೆ ತೆಗೆದುಕೊಳ್ಳುತ್ತಾರೆಂದು ಪಕ್ಕದಲ್ಲಿ ಕೂತು ನೋಡಿ. ವಯಸ್ಸಾದವರಲ್ಲಿ ಜೊಲ್ಲು ಕಡಿಮೆ, ನುಂಗಲು ಭಯ. ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು ಒಂದು ಗುಟುಕು ನೀರು ಕುಡಿದು ನುಂಗಿದೆ ಎನ್ನುತ್ತಾರೆ, ಮಾತ್ರೆ ನಾಲಿಗೆಯಡಿಯೋ ಕೆನ್ನೆಯ ಸಂದಿಯಲ್ಲೋ ಸಿಕ್ಕಿಕೊಂಡಿರುತ್ತದೆ. ಕೆಲವರು ಬೆಲ್ಲದ ಹಾಗೆ ಚೀಪುತ್ತಾರೆ, ಕೆಲವು ಮನೆಗಳಲ್ಲಿ ಕುಟ್ಟಿ ಪುಡಿಮಾಡಿ ಕೊಡುತ್ತಾರೆ. ಅತ್ತೆಯವರ ನಾಲಿಗೆ ಎತ್ತಿಸಿ ಟಾರ್ಚು ಬಿಟ್ಟು ನೋಡಿ. ಹುಣ್ಣಿನ ಮೇಲೆ ಹಳದಿ ಪೊರೆ, ಅದರ ಅಂಚಿಗೆ ಕಬ್ಬಿಣದ ತುಕ್ಕಿನ ಬಣ್ಣ ಕಂಡರೆ ಅನುಮಾನವೇ ಬೇಡ.

ಇದು ಅಲರ್ಜಿ ಅಲ್ಲ, ಸುಟ್ಟ ಗಾಯ. ಫೆರಸ್ ಸಲ್ಫೇಟ್ ಒಂದೇ ಜಾಗದಲ್ಲಿ ಕರಗಿದರೆ ಅಲ್ಲಿ ಹುಳಿಯ ಗುಣದ ಗಟ್ಟಿ ದ್ರಾವಣ ನಿಲ್ಲುತ್ತದೆ, ಅದು ನನ್ನ ಬಾಯನ್ನೂ ನಿಮ್ಮ ಬಾಯನ್ನೂ ಅಷ್ಟೇ ಸುಡುತ್ತದೆ. ಅಲರ್ಜಿಗೆ ಆಳು ಬೇಕು, ಸುಡಲು ಪ್ರಮಾಣ ಸಾಕು. ಕೂರಿಸಿ, ಪೂರಾ ಒಂದು ಲೋಟ ನೀರಿನ ಜೊತೆ ಕೊಡಿ, ಆಮೇಲೆ ಬಾಯಿ ತೆರೆಸಿ ನೋಡಿ. ಮಲಗಿಸಿಕೊಂಡು ಕೊಡಬೇಡಿ. ನುಂಗಲು ಆಗುವುದೇ ಇಲ್ಲವೆಂದರೆ ಡಾಕ್ಟರನ್ನು ಕೇಳಿ ಸಿರಪ್ ಬರೆಸಿಕೊಳ್ಳಿ. ಸಿರಪ್ಪನ್ನು ಸ್ಟ್ರಾದಲ್ಲಿ ಕುಡಿಸಿ ಬಾಯಿ ಮುಕ್ಕಳಿಸಿದರೆ ಹಲ್ಲು ಕಪ್ಪಾಗುವುದಿಲ್ಲ. ಮಾತ್ರೆಯ ಹಿಂದೆಯೇ ಟೀ ಕೊಡಬೇಡಿ, ಕಬ್ಬಿಣ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ರಕ್ತಹೀನತೆಯಿಂದಲೂ ನಾಲಿಗೆ ನುಣ್ಣಗಾಗಿ ಉರಿಯುತ್ತದೆ, ಆದ್ದರಿಂದ ಮಾತ್ರೆ ನಿಲ್ಲಿಸಿದರೆ ಉರಿ ಇನ್ನೊಂದು ಬಾಗಿಲಿನಿಂದ ಬರುತ್ತದೆ. ಮಾತ್ರೆ ನುಂಗುವ ರೀತಿ ಸರಿಯಾದ ಮೇಲೆ ಎರಡು ವಾರದಲ್ಲಿ ಹುಣ್ಣು ಮಾಯಬೇಕು. ಮಾಯದಿದ್ದರೆ ತಡಮಾಡದೆ ತೋರಿಸಿ.

*

ಚಾಕೊಲೇಟಿನ ಜರಿ ಕಾಗದದ ಚೂರು ಬಾಯಿಗೆ ಬಂದರೆ ಸಿಮೆಂಟ್ ತುಂಬಿಸಿದ ಹಲ್ಲಿಗೆ ಕರೆಂಟ್ ಹೊಡೆದ ಹಾಗೆ ಆಗುತ್ತದೆ. ಇದು ಭ್ರಮೆಯೇ?
— ಓದುಗರು, ಮೈಸೂರು

ಭ್ರಮೆಯಲ್ಲ, ನಿಜವಾದ ಕರೆಂಟೇ. ಆ ಕಾಗದ ಅಲ್ಯೂಮಿನಿಯಂ, ಹಲ್ಲಿನಲ್ಲಿರುವುದು ಪಾದರಸ-ಬೆಳ್ಳಿಯ ಮಿಶ್ರಲೋಹ, ನಡುವೆ ಉಪ್ಪಿನ ನೀರಿನಂಥ ಜೊಲ್ಲು. ಎರಡು ಬೇರೆ ಲೋಹ ಒಂದಕ್ಕೊಂದು ತಾಗಿದ ಗಳಿಗೆ ಬ್ಯಾಟರಿ ಆಯಿತು. 1750ರ ದಶಕದಲ್ಲೇ ಸುಲ್ಜರ್ ಎಂಬ ಸ್ವಿಸ್ ವಿದ್ವಾಂಸ ಸೀಸ ಮತ್ತು ಬೆಳ್ಳಿಯ ಪಟ್ಟಿಗಳನ್ನು ನಾಲಿಗೆಯ ಮೇಲೆ ಜೋಡಿಸಿ ವಿಚಿತ್ರ ರುಚಿ ಕಂಡಿದ್ದ. ಬ್ಯಾಟರಿ ಹುಟ್ಟಿದ್ದು ಎಷ್ಟೋ ವರ್ಷಗಳ ಮೇಲೆ. ಕಾಗದದ ಚೂರಿನಿಂದ ಏನೂ ಅಪಾಯವಿಲ್ಲ. ಆದರೆ ಬೆಳ್ಳಿ ಸಿಮೆಂಟಿನ ಹಲ್ಲಿಗೆ ತಾಗುವಂತೆ ಪಕ್ಕದಲ್ಲೇ ಬೇರೆ ಲೋಹದ ಕ್ಯಾಪ್ ಕೂರಿಸಿದರೆ ಇದೇ ಕೆಲಸ ಸದ್ದಿಲ್ಲದೆ ದಿನವೂ ನಡೆದು ಲೋಹ ಬೇಗ ಸವೆಯಬಹುದು. ಕ್ಯಾಪ್ ಹಾಕಿಸುವಾಗ ಇದನ್ನು ಕೇಳಿ ತಿಳಿದುಕೊಳ್ಳಿ.

*

ಕೆಲಸದ ಮೇಲೆ ಮ್ಯೂನಿಕ್‌ನಲ್ಲಿದ್ದೇನೆ. ಇಲ್ಲಿ ಬೆಳ್ಳಿ ಸಿಮೆಂಟನ್ನು ನಿಷೇಧಿಸಿದ್ದಾರೆ. ಊರಲ್ಲಿ ಚಿಕ್ಕಂದಿನಲ್ಲಿ ತುಂಬಿಸಿದ ಐದು ಹಲ್ಲುಗಳಿವೆ, ಏನೂ ತೊಂದರೆ ಇಲ್ಲ. ಹೆಂಡತಿ ಈಗ ಬಸುರಿ. ಅವಳಿಗೂ ಎರಡು ಇವೆ. ಇಬ್ಬರೂ ಎಲ್ಲವನ್ನೂ ತೆಗೆಸಿಬಿಡುವುದು ಒಳ್ಳೆಯದಲ್ಲವೇ?
— ಓದುಗರು, ಜರ್ಮನಿ

ಮೊದಲು ನಿಮ್ಮ ಮನೆಯವರ ವಿಷಯ: ಬಸುರಿನಲ್ಲಿ ಹೊಸದಾಗಿ ತುಂಬಿಸುವುದೂ ಬೇಡ, ಹಳೆಯದನ್ನು ತೆಗೆಸುವುದೂ ಬೇಡ. ಸುಮ್ಮನೆ ಕೂತ ಸಿಮೆಂಟಿಗಿಂತ ಡ್ರಿಲ್ ಹಾಕಿ ಕೊರೆಯುವಾಗಲೇ ಪಾದರಸದ ಆವಿ ಹೆಚ್ಚು ಏಳುವುದು.

ಯುರೋಪಿನ ಒಕ್ಕೂಟ 2025ರ ಜನವರಿ 1ರಿಂದ ಬೆಳ್ಳಿ ಸಿಮೆಂಟಿನ ಬಳಕೆ ನಿಲ್ಲಿಸಿದ್ದು ನಿಜ. ವೈದ್ಯರು ತೀರಾ ಅಗತ್ಯವೆಂದು ಕಂಡ ರೋಗಿಗಳಿಗೆ ಮಾತ್ರ ವಿನಾಯಿತಿ. ಆದರೆ ಅದರ ಹಿಂದಿನ ದೊಡ್ಡ ಕಾರಣ ಹೊಳೆ, ಕೆರೆ, ಮೀನು. ಕ್ಲಿನಿಕ್ಕಿನ ಚರಂಡಿಯಿಂದಲೂ ಸುಡುಗಾಡಿನ ಹೊಗೆಯಿಂದಲೂ ಪಾದರಸ ಪರಿಸರಕ್ಕೆ ಸೇರುತ್ತದೆ. ಜಪಾನಿನ ಮಿನಮಾಟ ಕೊಲ್ಲಿಯಲ್ಲಿ ಕಾರ್ಖಾನೆಯ ಪಾದರಸ ಮೀನಿಗೆ ಸೇರಿ ಜನ ನರಳಿ ಸತ್ತರಲ್ಲ, ಆ ಊರಿನ ಹೆಸರಿನ ಅಂತರರಾಷ್ಟ್ರೀಯ ಒಪ್ಪಂದ 2013ರಲ್ಲಿ ಆಗಿ 2017ರಲ್ಲಿ ಜಾರಿಗೆ ಬಂತು, ಭಾರತವೂ 2018ರಲ್ಲಿ ಸೇರಿತು. ಬಾಯಲ್ಲಿ ಈಗಾಗಲೇ ಗಟ್ಟಿಯಾಗಿ ಕೂತದ್ದನ್ನು ಕಿತ್ತುಹಾಕಿ ಎಂದು ಅದು ಹೇಳುವುದಿಲ್ಲ. ನಿಮ್ಮ ಕೆನ್ನೆ, ನಾಲಿಗೆ ಸ್ವಚ್ಛವಾಗಿದ್ದರೆ, ಸಿಮೆಂಟು ಒಡೆದಿಲ್ಲದಿದ್ದರೆ, ಅಂಚಿನಲ್ಲಿ ಹುಳುಕಿಲ್ಲದಿದ್ದರೆ ಇರಲಿ ಬಿಡಿ. ಒಳ್ಳೆಯ ಹಲ್ಲನ್ನು ಇನ್ನೊಮ್ಮೆ ಕೊರೆದಾಗಲೆಲ್ಲ ಹಲ್ಲೂ ಒಂದಿಷ್ಟು ಹೋಗುತ್ತದೆ. ಒಸಡಿನಲ್ಲಿ ನೀಲಿ-ಬೂದು ಚುಕ್ಕೆ ಕಂಡರೆ ಹೆದರಬೇಡಿ. ಸಿಮೆಂಟಿನ ಪುಡಿ ಒಳಗೆ ಸೇರಿ ಆದ ಹಚ್ಚೆ ಇರಬಹುದು, ಅದು ಏನೂ ಮಾಡದು. ಒಮ್ಮೆ ತೋರಿಸಿ ಹಚ್ಚೆಯೇ ಎಂದು ಖಚಿತ ಮಾಡಿಕೊಳ್ಳಿ, ಅಷ್ಟೇ.

*

ನಾಲ್ಕು ತಿಂಗಳ ಮೊಮ್ಮಗನ ನಾಲಿಗೆ ಮೇಲೆ ಬೆಳ್ಳಗೆ ಕಟ್ಟಿದೆ. ಜೇನುತುಪ್ಪದಾಗ ಬಿಳಿಗಾರ ಕಲಸಿ ಹಚ್ಚಬೇಕು ಅಂತೀನಿ ನಾನು. ನಮ್ಮ ಮಕ್ಕಳಿಗೆಲ್ಲ ಹಚ್ಚೀವಿ. ಸೊಸಿ ಬ್ಯಾಡ ಅಂತಾಳ. ಪಟಿಕದ ನೀರಾದ್ರೂ ಹಚ್ಚಬಹುದಲ್ಲ ಅವ್ವಾ?
— ಓದುಗರು, ವಿಜಯಪುರ

ಸೊಸೆಯ ಮಾತೇ ಸರಿ ಅಮ್ಮ. ನಿಮ್ಮ ಪ್ರೀತಿಯ ಬಗ್ಗೆ ನನಗೆ ಎರಡು ಮಾತಿಲ್ಲ, ಆದರೆ ಎರಡನ್ನೂ ಹಚ್ಚಬೇಡಿ. ಬಿಳಿಗಾರ ಸೋಡಿಯಂ ಮತ್ತು ಬೋರಾನಿನ ಲವಣ. ಚೀಪಿದ ಕೂಸಿನ ಹೊಟ್ಟೆಗೆ ಹೋಗಿ ದೇಹದಲ್ಲಿ ಶೇಖರವಾಗುತ್ತದೆ. ಬಿಳಿಗಾರ ಬೆರೆಸಿದ ಜೇನು ಹಚ್ಚಿದ ಚೀಪಣಿ ಕೊಟ್ಟು ಮಕ್ಕಳಿಗೆ ಸೆಳವು ಬಂದದ್ದನ್ನು ವೈದ್ಯರು ದಾಖಲಿಸಿದ್ದಾರೆ. ವರ್ಷ ತುಂಬದ ಕೂಸಿಗೆ ಬರೀ ಜೇನುತುಪ್ಪವೂ ಬೇಡ. ಪಟಿಕ ಅಲ್ಯೂಮಿನಿಯಂ ಲವಣ, ಗಟ್ಟಿಯಾಗಿ ಹಚ್ಚಿದರೆ ಎಳೆಯ ನಾಲಿಗೆಯ ಮೇಲ್ಪೊರೆ ಬಿಳಿಚಿ ಸುಲಿಯುತ್ತದೆ. ಆಗ ಮೊದಲಿದ್ದ ಬಿಳುಪು ಯಾವುದು, ಸುಟ್ಟ ಬಿಳುಪು ಯಾವುದು ಎಂದು ಡಾಕ್ಟರಿಗೂ ತಿಳಿಯದು.

ಹಿಂದೆ ಇಂಗ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ಹಲ್ಲು ಬರುವ ಕೂಸುಗಳಿಗೆ ಒಂದು ಬಿಳಿ ಪುಡಿ ಕೊಡುತ್ತಿದ್ದರು. ಅದರಲ್ಲಿ ಪಾದರಸದ ಕ್ಲೋರೈಡ್ ಇತ್ತು. ಕೂಸುಗಳ ಅಂಗೈ-ಅಂಗಾಲು ಗುಲಾಬಿ ಬಣ್ಣಕ್ಕೆ ತಿರುಗಿ, ಒಸಡು ಊದಿ, ಹಲ್ಲು ಉದುರಿ, ರಾತ್ರಿಯೆಲ್ಲ ಅಳುತ್ತಿದ್ದವು. ಪಿಂಕ್ ಡಿಸೀಸ್ ಎಂದು ಕರೆದರೇ ವಿನಾ ಕಾರಣ ಗೊತ್ತಿರಲಿಲ್ಲ. 1940ರ ದಶಕದಲ್ಲಿ ಮಕ್ಕಳ ಮೂತ್ರದಲ್ಲಿ ಪಾದರಸ ಸಿಕ್ಕಿತು. 1950ರ ದಶಕದಲ್ಲಿ ಪುಡಿ ಅಂಗಡಿಯಿಂದ ಹೋಯಿತು, ಕಾಯಿಲೆಯೂ ಹೋಯಿತು. ಕೊಟ್ಟವರೆಲ್ಲ ಕೂಸಿನ ಮೇಲೆ ಜೀವ ಇಟ್ಟುಕೊಂಡಿದ್ದ ಅಜ್ಜಿ-ಅಮ್ಮಂದಿರೇ.

ಮೆತ್ತನೆಯ ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ಬಿಳುಪು ಹೋದರೆ ಹಾಲಿನದು. ಹೋಗದೆ ಅಡಿಯಲ್ಲಿ ಕೆಂಪಾಗಿದ್ದರೆ ಅಗ್ರ ಎಂಬ ಫಂಗಸ್ ಸೋಂಕು, ಮಕ್ಕಳ ಡಾಕ್ಟರು ಬರೆದುಕೊಡುವ ಹನಿ ಮದ್ದಿಗೆ ವಾರದಲ್ಲಿ ಹೋಗುತ್ತದೆ.

*

ನಾಲ್ಕು ಎಕರೆ ಅಡಿಕೆ ತೋಟದವನು. ಮಳೆಗಾಲದಲ್ಲಿ ಕೊಳೆಗೆ ಎರಡು-ಮೂರು ಸಲ ಮದ್ದು ಹೊಡೆಸುತ್ತೇವೆ. ಮದ್ದು ಕೂಡಿಸುವುದು ನಾನೇ. ಕವಳ ಹಾಕುವ ಅಭ್ಯಾಸ ಮೂವತ್ತು ವರ್ಷದ್ದು, ಹೊಗೆಸೊಪ್ಪಿಲ್ಲ. ಈಚೆಗೆ ಬಾಯಿಯೊಳಗೆ ಖಾರ ತಡೆಯುವುದಿಲ್ಲ, ಕೆನ್ನೆ ಬಿಗಿಯುತ್ತದೆ. ಮೈಲುತುತ್ತಿನ ವಿಷವೇ ಹೀಗೆ ಮಾಡಿತೇ? ಮದ್ದು ಹೊಡೆಯದ ತೋಟದ ಅಡಿಕೆ ತಿಂದರೆ ಸರಿಹೋದೀತೇ? ಮಗನೂ ಈಗ ಪ್ಯಾಕೆಟ್ಟಿನ ಅಡಿಕೆ ಜಗಿಯುತ್ತಾನೆ.
— ಓದುಗರು, ಶಿರಸಿ ತಾಲ್ಲೂಕು

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ತಾಮ್ರವನ್ನು ಅನುಮಾನಿಸಿದ್ದು ಪೂರ್ತಿ ತಪ್ಪಲ್ಲ, ಆದರೆ ಅದು ಬಂದ ದಾರಿ ನೀವೆಂದುಕೊಂಡದ್ದಲ್ಲ.

ಮದ್ದು ಕೂಡಿಸುವಾಗ ನೀವು ಮಾಡುವ ಒಂದು ಕೆಲಸ ನೆನಪಿಸಿಕೊಳ್ಳಿ. ನೂರು ಲೀಟರಿಗೆ ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ. ಕೂಡಿಸಿದ ಮೇಲೆ ಉಜ್ಜಿದ ಕತ್ತಿಯನ್ನು ಅದ್ದಿ ನೋಡುತ್ತೀರಿ. ಕತ್ತಿಯ ಮೇಲೆ ಕೆಂಪು ಬಣ್ಣ ಕೂತರೆ ಇನ್ನಷ್ಟು ಸುಣ್ಣದ ತಿಳಿ ಹೊಯ್ಯುತ್ತೀರಿ, ಇಲ್ಲದಿದ್ದರೆ ಎಳೆ ಕಾಯಿ, ಹಿಂಗಾರ ಸುಟ್ಟುಹೋಗುತ್ತವೆ. ಆ ಕೆಂಪು ಕರಗಿದ ತಾಮ್ರ, ಕಬ್ಬಿಣದ ಮೇಲೆ ಲೋಹವಾಗಿ ಕೂತದ್ದು. ಸುಣ್ಣ ಸಾಕಷ್ಟು ಬಿದ್ದಾಗ ತಾಮ್ರ ಕರಗದ ನೀಲಿ ಗಸಿಯಾಗುತ್ತದೆ, ಕತ್ತಿಗೆ ಹತ್ತುವುದಿಲ್ಲ, ಎಲೆಯನ್ನೂ ಸುಡುವುದಿಲ್ಲ. ಬಾಯಿಯ ಪ್ರಶ್ನೆಯೂ ಅದೇ: ತಾಮ್ರ ಇದೆಯೋ ಇಲ್ಲವೋ ಎನ್ನುವುದಕ್ಕಿಂತ ಅದು ಕರಗಿದ ರೂಪದಲ್ಲಿ ಎಷ್ಟು ಹೊತ್ತು ಒಳಪೊರೆಗೆ ತಾಗಿಕೊಂಡಿತ್ತು ಎನ್ನುವುದು ಮುಖ್ಯ. ಮೈಲುತುತ್ತಿನ ಹರಳಿನ ಕೈ ಬಾಯಿಗೆ ಹೋದರೆ ಕೂಡಲೇ ಸುಡುತ್ತದೆ, ವಾಂತಿ ಬರುತ್ತದೆ. ಕೈ ತೊಳೆಯದೆ ಕವಳ ಕಟ್ಟಬಾರದು ಎನ್ನಲು ಅದು ಸಾಕು. ಆದರೆ ನಿಧಾನವಾಗಿ ಕೆನ್ನೆ ಬಿಗಿಯುವುದು ಅದರಿಂದಲ್ಲ.

ಅದು ಅಡಿಕೆಯಿಂದ. ಬೇರಿನಿಂದ ಹೀರಿದ ತಾಮ್ರ ಅಡಿಕೆಯ ಒಳಗೇ ಇರುತ್ತದೆ, ಬೇರೆ ಬೀಜಗಳಿಗಿಂತ ಹೆಚ್ಚೇ ಇರುತ್ತದೆ. ಮದ್ದು ಹೊಡೆಯದ ತೋಟದ ಅಡಿಕೆಯಲ್ಲೂ ಇರುತ್ತದೆ. ಜಗಿದಾಗ ಅದು ಜೊಲ್ಲಿಗೆ ಇಳಿದು, ಕವಳ ಒತ್ತಿಟ್ಟ ಕೆನ್ನೆಗೆ ಗಂಟೆಗಟ್ಟಲೆ ತಾಗುತ್ತದೆ. ನಮ್ಮ ಒಳಪೊರೆಯ ಅಡಿಯಲ್ಲಿ ಕೊಲಾಜೆನ್ ಎಂಬ ನಾರು ಇದೆ. ಆ ನಾರುಗಳನ್ನು ಒಂದಕ್ಕೊಂದು ಹೆಣೆಯುವ ಕಿಣ್ವ ಲೈಸಿಲ್ ಆಕ್ಸಿಡೇಸ್. ತಾಮ್ರ ಇಲ್ಲದೆ ಆ ಕಿಣ್ವ ಕೆಲಸ ಮಾಡದು, ಹೆಚ್ಚು ತಾಮ್ರ ಸಿಕ್ಕರೆ ಹೆಚ್ಚು ಹೆಣೆಯುತ್ತದೆ. ಅಡಿಕೆಯ ಅರೆಕೊಲಿನ್ ಎಂಬ ಸಾರ ಹೊಸ ನಾರು ಹುಟ್ಟಿಸುತ್ತದೆ, ತೊಗರು ಆ ನಾರನ್ನು ಚರ್ಮ ಹದಮಾಡಿದ ಹಾಗೆ ಗಟ್ಟಿ ಮಾಡುತ್ತದೆ, ತಾಮ್ರ ಅದನ್ನು ಬಿಚ್ಚಲಾಗದಂತೆ ಹೊಲಿಯುತ್ತದೆ. ಕವಳಕ್ಕೆ ಹಚ್ಚುವ ಸುಣ್ಣ ಕ್ಷಾರ, ಅದು ಮೇಲ್ಪೊರೆಯನ್ನು ಸವೆಸಿ ಇವಕ್ಕೆಲ್ಲ ದಾರಿ ಬಿಡುತ್ತದೆ. ಮೊದಲು ಖಾರ ತಡೆಯದು, ಆಮೇಲೆ ಕೆನ್ನೆ ಬಿಳಿಚಿ ಬಿಗಿಯುತ್ತದೆ, ಕೊನೆಗೆ ಬಾಯಿ ತೆರೆಯುವುದೇ ಕಷ್ಟ. ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಹೆಸರು. 1952ರಲ್ಲಿ ಇದನ್ನು ವೈದ್ಯಲೋಕಕ್ಕೆ ಮೊದಲು ವಿವರಿಸಿದ್ದು ಕೀನ್ಯಾದಲ್ಲಿದ್ದ ಐವರು ಭಾರತೀಯ ಹೆಂಗಸರನ್ನು ನೋಡಿ. ಅಡಿಕೆಯ ಜೊತೆ ಇದೂ ಸಮುದ್ರ ದಾಟಿತ್ತು. ಇದರ ಮೇಲೆ ಕ್ಯಾನ್ಸರ್ ಹುಟ್ಟುವ ಭಯವಿದೆ. ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ.

ಅಡಿಕೆ ಬೆಳೆದು ಮನೆ ನಡೆಸುವವರಿಗೆ ಇದನ್ನು ಬರೆಯುವುದು ನನಗೆ ಕಷ್ಟ. ಕೊಳೆಯಿಂದ ತೋಟ ಉಳಿಸಿದ್ದೇ ಈ ಮದ್ದು. ಮೈಸೂರು ಸೀಮೆಯಲ್ಲಿ ಕೋಲ್‌ಮನ್ ಎಂಬ ವಿಜ್ಞಾನಿ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರ ಸುಮಾರಿಗೆ ಈ ಮೈಲುತುತ್ತು-ಸುಣ್ಣದ ಬೋರ್ಡೋ ಸಿಂಪಡಣೆ ತೋರಿಸಿಕೊಟ್ಟದ್ದರಿಂದ ಎಷ್ಟೋ ಮನೆಗಳು ಬದುಕಿದವು. ಮದ್ದು ಹೊಡೆಸುವುದನ್ನು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಕವಳ ನಿಲ್ಲಿಸಿ ಎಂದು ಕೈಮುಗಿದು ಕೇಳುತ್ತೇನೆ. ಸಾವಯವ ಅಡಿಕೆಯಾದರೂ ಅಷ್ಟೇ, ಹಾಲಡಿಕೆಯಾದರೂ ಅಷ್ಟೇ.

ಇವತ್ತೇ ಕನ್ನಡಿಯ ಮುಂದೆ ನಿಂತು ನಿಮ್ಮದೇ ಕೈಯ ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಜೋಡಿಸಿ ಮುಂಹಲ್ಲುಗಳ ನಡುವೆ ನಿಲ್ಲಿಸಿ ನೋಡಿ. ಮೂರು ಬೆರಳು ಆರಾಮವಾಗಿ ಹಿಡಿಸಬೇಕು. ಎರಡೇ ಹಿಡಿಸಿದರೆ ವಾರದೊಳಗೆ ಹುಬ್ಬಳ್ಳಿ-ಧಾರವಾಡದ ದಂತ ಕಾಲೇಜಿಗಾದರೂ ಬನ್ನಿ. ಮೂರು ಹಿಡಿಸಿದರೂ ತಿಂಗಳೊಳಗೆ ಬನ್ನಿ. ಗಟ್ಟಿಯಾದ ನಾರು ಮೊದಲಿನಂತೆ ಮೆತ್ತಗಾಗುವುದು ಕಷ್ಟ. ಆದರೆ ಕವಳ ಬಿಟ್ಟು, ಇಂಜೆಕ್ಷನ್ ಮತ್ತು ಬಾಯಿ ತೆರೆಯುವ ವ್ಯಾಯಾಮ ಶುರುಮಾಡಿದರೆ ಉರಿ ಇಳಿಯುತ್ತದೆ, ಬಿಗಿತ ಅಲ್ಲಿಗೇ ನಿಲ್ಲಬಹುದು. ಬರುವಾಗ ಮಗನನ್ನೂ ಕರೆದುಕೊಂಡು ಬನ್ನಿ. ಪ್ಯಾಕೆಟ್ಟಿನ ಅಡಿಕೆಯಲ್ಲಿ ಎಲೆಯೂ ಇರುವುದಿಲ್ಲ, ಬರೀ ಒಣ ಅಡಿಕೆ. ಕವಳಕ್ಕಿಂತ ಬೇಗ, ಚಿಕ್ಕ ವಯಸ್ಸಿನಲ್ಲೇ ಕೆನ್ನೆ ಬಿಗಿಸುತ್ತದೆ. ಅವನ ಮೂರು ಬೆರಳನ್ನೂ ನಾನು ನೋಡಬೇಕು.